ಮೂಲೆಯ ಕಪ್ಪು ತೇಪೆ

ಆ ಮನೆಯ ಕಂಪ್ಯೂಟರಿನ ಪರದೆಯ ಕೆಳಗಿನ ಬಲಮೂಲೆಗೆ ಎರಡು ಬೆರಳಗಲದ ಒಂದು ಕಪ್ಪು ಬಟ್ಟೆಯ ತೇಪೆ ಅಂಟಿಕೊಂಡಿತ್ತು. ಏಳು ವರ್ಷದಿಂದ ಇತ್ತು. ಅಂಟು ಒಣಗಿ ಅಂಚು ಎದ್ದಾಗಲೆಲ್ಲ ಮಾವ ಹೊಸ ತುಂಡು ಕತ್ತರಿಸಿ ಅಂಟಿಸುತ್ತಿದ್ದರು. ಯಾರಾದರೂ ಕೇಳಿದರೆ, "ಅಲ್ಲಿ ಗಾಜು ಸೀಳಿದೆ, ಬೆಳಕು ಕಣ್ಣಿಗೆ ಚುಚ್ಚುತ್ತೆ" ಅನ್ನುತ್ತಿದ್ದರು. ದರ್ಜಿಯ ಮನೆಯಲ್ಲಿ ಕೆಟ್ಟದ್ದಕ್ಕೆಲ್ಲ ತೇಪೆಯೇ ಮದ್ದು. ಕುರ್ಚಿಗೆ ತೇಪೆ, ಕೊಡೆಗೆ ತೇಪೆ, ಕಿಟಕಿಯ ಸೊಳ್ಳೆಪರದೆಗೆ ತೇಪೆ. ಕಂಪ್ಯೂಟರಿಗೂ ಒಂದು ಇದ್ದರೆ ಏನಾಯಿತು? ಸೊಸೆ ದಿನಾ ದೂಳು ಒರೆಸುವಾಗ ಅದನ್ನು ಬಿಟ್ಟು ಸುತ್ತ ಒರೆಸುತ್ತಿದ್ದಳು, ಅಷ್ಟೇ.

ಈ ದಿನ ಮಾತ್ರ ಬೆಳಗ್ಗೆ ಒಂಬತ್ತರಿಂದ ಅವಳು ಆ ಪರದೆಯ ಮುಂದೆಯೇ ಕೂತಿದ್ದಳು, ಬೆನ್ನು ಬೆವರುತ್ತಿತ್ತು.

ಮೂರು ಗಂಟೆಗೆ ಪರೀಕ್ಷೆ. ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಅರ್ಧ ದಿನ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ ಅವಳದು. ಕೌಂಟರಿನ ಒಳಗೆ ನಿಂತು ಔಷಧಿ ಕೊಡಬೇಕಾದರೆ ಈ ಪರೀಕ್ಷೆ ಪಾಸಾಗಿರಬೇಕು. ವರ್ಷಕ್ಕೊಂದೇ ಸಲ ನಡೆಯುತ್ತದೆ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬರೆಯಬೇಕು. ನಲವತ್ತು ದಾಟಿದವರಿಗೆ ಅವಕಾಶವಿಲ್ಲ. ಬರುವ ವರ್ಷ ಪರೀಕ್ಷೆಯ ಹೊತ್ತಿಗೆ ಅವಳಿಗೆ ನಲವತ್ತು ತುಂಬಿ ಹನ್ನೊಂದು ದಿನ ಆಗಿರುತ್ತದೆ. ಅವಳು ಬೆರಳು ಮಡಿಚಿ ಎಣಿಸಿಯಾಗಿತ್ತು. ಬಾಗಿಲು ಮುಚ್ಚಿಕೊಳ್ಳುವ ಮುಂಚಿನ ಕೊನೆಯ ಸಲ ಇದು.

ಎರಡು ವರ್ಷ ಓದಿದ್ದಳು. ಓದಿದ್ದೆಂದರೆ ಮಗಳನ್ನು ಶಾಲೆಗೆ ಕಳಿಸಿ, ಪಾತ್ರೆ ತೊಳೆದು, ಕೆಲಸಕ್ಕೆ ಹೋಗಿಬಂದು, ಮಾವನಿಗೆ ಗುಂಡಿ ಹೊಲಿದುಕೊಟ್ಟು, ಉಳಿದ ಚೂರುಪಾರು ಹೊತ್ತಿನಲ್ಲಿ. ಬರೆದುಕೊಳ್ಳಲು ಅವಳಿಗೆ ನೋಟ್‌ಬುಕ್ಕೇ ಬೇಕಿರಲಿಲ್ಲ. ಬಟ್ಟೆಯ ಮೇಲಿಟ್ಟು ಕತ್ತರಿಸಲು ಮಾವ ಬಳಸಿ ಬಿಸಾಡಿದ ಹಳೆಯ ಪ್ಯಾಟರ್ನ್ ಕಾಗದಗಳ ಹಿಂಬದಿ ಖಾಲಿಯಿರುತ್ತಿತ್ತು. ತೋಳಿನ ಆಕಾರದ ಕಾಗದದ ಮೇಲೆ ಜ್ವರದ ಔಷಧಿಗಳು, ಕಾಲರಿನ ಮೇಲೆ ಹೃದಯದವು, ಬೆನ್ನಿನ ಅಗಲದ ಕಾಗದದ ಮೇಲೆ ಯಾವುದರ ಜೊತೆ ಯಾವುದನ್ನು ಕೊಡಲೇಬಾರದು ಎಂಬ ಉದ್ದದ ಪಟ್ಟಿ. ಅಡುಗೆಮನೆಯ ಗೋಡೆಯ ಮೇಲೆ ಅಂಗಿಯೊಂದು ಬಿಡಿಬಿಡಿಯಾಗಿ ನೇತಾಡುತ್ತಿದ್ದಂತೆ ಕಾಣುತ್ತಿತ್ತು.

ಎಲ್ಲ ಸರಿಯಾಗಿ ನಡೆದಿತ್ತು. ಆದರೆ ಪರೀಕ್ಷೆ ಬರೆಯಲು ಅದನ್ನು ನಡೆಸುವ ಮಂಡಳಿಯವರದೇ ಒಂದು ಬ್ರೌಸರ್ ಬೇಕು. ಅದು ತೆರೆದಿರುವಷ್ಟು ಹೊತ್ತು ಬೇರೇನೂ ತೆರೆಯುವುದಿಲ್ಲ, ಯಾರೂ ನೋಡಿ ಬರೆಯುವಂತಿಲ್ಲ. ಅದರ ಕೊಂಡಿಯನ್ನು ಅವರು ಕಳಿಸಿದ್ದೇ ಈ ದಿನ ಬೆಳಗ್ಗೆ. ಮಾವನ ಕಂಪ್ಯೂಟರಿಗೆ ಹುಟ್ಟಿದಾಗಿನಿಂದ ಇಂಟರ್‌ನೆಟ್ಟಿನ ಗಾಳಿ ಸೋಕಿರಲಿಲ್ಲ. ಅವಳು ತನ್ನ ಫೋನಿನಿಂದ ವೈರು ಹಾಕಿ ಜೋಡಿಸಿದಳು. ಕೊಂಡಿ ಒತ್ತಿದರೆ ಪುಟವೇ ತೆರೆಯಲಿಲ್ಲ. ಫೋನಿಗೇ ಇಳಿಸಿಕೊಂಡು ಕಂಪ್ಯೂಟರಿಗೆ ದಾಟಿಸಿದಳು. ಒತ್ತಿದಳು. ಹಸಿರು ಪಟ್ಟಿ ಎರಡು ಬೆರಳಿನಷ್ಟು ಓಡಿ ನಿಂತಿತು. 'ಸುರಕ್ಷಿತ ಸಂಪರ್ಕ ಸಿಗಲಿಲ್ಲ. ಅನುಸ್ಥಾಪನೆ ವಿಫಲ.' ಇನ್ನೊಮ್ಮೆ ಒತ್ತಿದಳು. ಮತ್ತೆ ಎರಡು ಬೆರಳು. ಹೊಸ್ತಿಲವರೆಗೆ ಬಂದ ಎಮ್ಮೆ ಒಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದ ಹಾಗೆ.

ಹನ್ನೊಂದರ ಹೊತ್ತಿಗೆ ಹದಿನೇಳು ಸಲ ಆಗಿತ್ತು. ಸಹಾಯವಾಣಿಗೆ ಫೋನು ಮಾಡಿದರೆ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಬ್ಬಳು ಇಪ್ಪತ್ತು ನಿಮಿಷ ಹೇಳಿ, ಕೊನೆಗೆ ಕರೆಯನ್ನೇ ಕತ್ತರಿಸಿದಳು.

ಮುಂಗೋಣೆಯ ಅಂಗಡಿಯಿಂದ ಮಾವ ಎರಡು ಸಲ ಇಣುಕಿ ಹೋದರು.

"ಆಯ್ತೇನಮ್ಮ?"

"ಇನ್ನೂ ಇಲ್ಲ ಮಾವ."

"ಕೂರಲ್ಲ ಅಂದ್ರೆ ಅದಕ್ಕೆ ಈ ಹಳೇ ಡಬ್ಬಿ ಒಗ್ಗಲ್ಲ ಅಂತ ಕಾಣುತ್ತೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಲ್ಲಿ ಬರೆಯೋಕಾಗಲ್ವಾ?"

"ಆಗಲ್ಲ ಮಾವ. ಇದರ ಬೆನ್ನ ಮೇಲಿರೋ ನಂಬರು, ಈ ಕೋಣೆ ಫೋಟೋ ಹೋದ ವಾರವೇ ಕಳಿಸಿದೀನಿ. ಬೇರೆ ಕಡೆ ಕೂತ್ರೆ ಒಪ್ಪಲ್ಲ."

ಮಾವ ಅಂಗಡಿಯ ಕಡೆ ತಿರುಗಿದರು. ಅವರ ಕಣ್ಣು ಒಂದು ಕ್ಷಣ ಪರದೆಯ ಮೂಲೆಗೆ ಹೋಗಿ ಬಂದದ್ದು ಅವಳಿಗೆ ಕಂಡಿತು. ಕಂಡದ್ದು ಅರ್ಥವಾಗಲಿಲ್ಲ.

ಬೀದಿಯವರೆಲ್ಲ ಅವರನ್ನು ಮಾಸ್ಟ್ರು ಅನ್ನುತ್ತಿದ್ದರು. ಸಿದ್ಧ ಉಡುಪಿನ ಅಂಗಡಿಗಳಲ್ಲಿ ಯಾರಿಗೆ ಬಟ್ಟೆ ಸಿಗುವುದಿಲ್ಲವೋ ಅವರೆಲ್ಲ ಬರುವುದು ಅವರ ಬಳಿಗೆ. ಒಂದು ಭುಜ ಇಳಿದವರು, ಗೂನುಬೆನ್ನಿನವರು, ಅಪಘಾತದಲ್ಲಿ ಒಂದು ತೋಳು ಕಳೆದುಕೊಂಡವರು, ಗಾಲಿಕುರ್ಚಿಯಿಂದ ಏಳಲಾಗದವರು. ಮಾಸ್ಟ್ರು ಹೊಲಿದ ಅಂಗಿ ಹಾಕಿಕೊಂಡರೆ ದೇಹದ ಓರೆ ಕಾಣುತ್ತಿರಲಿಲ್ಲ, ಮನುಷ್ಯ ಕಾಣುತ್ತಿದ್ದ. ಇನ್ನೊಂದು ಹೆಸರೂ ಅವರಿಗಿತ್ತು: ತುಂಡು ಬಟ್ಟೆ ವಾಪಸ್ಸು ಕೊಡುವ ದರ್ಜಿ. ಹೊಲಿದ ಅಂಗಿಯ ಜೊತೆ ಉಳಿದ ಚೂರನ್ನೆಲ್ಲ, ಬೆರಳುದ್ದದ್ದನ್ನೂ ಸೇರಿಸಿ, ಗಂಟು ಕಟ್ಟಿ ಕೊಡುತ್ತಿದ್ದರು. "ಇದನ್ನು ಇಟ್ಕೊಂಡು ನಾನೇನು ಇರುವೆಗೆ ಅಂಗಿ ಹೊಲೀಲಾ?" ಅನ್ನುತ್ತಿದ್ದರು.

ಹನ್ನೊಂದೂವರೆಗೆ ಜೆರಾಕ್ಸಕ್ಕ ಬಂದಳು. ಬೀದಿಯ ತುದಿಯಲ್ಲಿ ಅವಳ ನಕಲು ತೆಗೆಯುವ ಅಂಗಡಿ. ಕಂಪ್ಯೂಟರ್ ಕೆಟ್ಟರೆ ಸುತ್ತಲಿನ ನಾಲ್ಕು ಬೀದಿಗೆ ಅವಳೇ ವೈದ್ಯೆ. ಪರೀಕ್ಷೆಗೆ ಬೇಕಾದ ಪುಟ್ಟ ಕ್ಯಾಮೆರಾವನ್ನು ಕೊಟ್ಟವಳೂ ಅವಳೇ. ಅಂಗಡಿಗೆ ಬೀಗ ಹಾಕಿ ಬಂದಿದ್ದಳು.

"ಏಳು, ಏಳು. ಮುಖ ನೋಡು, ಹಿಂಡಿದ ಒಗೆಬಟ್ಟೆ ಆಗಿದೆ. ನೀನು ಹೋಗಿ ಓದ್ಕೋ, ಇದರ ಸೊಕ್ಕು ನಾನು ಇಳಿಸ್ತೀನಿ."

"ಓದಿದ್ದೂ ಮರೆತು ಹೋಯ್ತಕ್ಕ."

"ಮೂರು ಗಂಟೆಗೆ ನೆನಪಾಗುತ್ತೆ ಬಿಡು. ಅಡುಗೆ ಮಾಡುವಾಗ ಉಪ್ಪೆಷ್ಟು ಅಂತ ಪುಸ್ತಕ ನೋಡ್ತೀಯಾ?"

ಜೆರಾಕ್ಸಕ್ಕ ತೋಳು ಮಡಿಚಿ ಕೂತಳು. ಹಳೆಯದನ್ನು ಅಳಿಸಿದಳು, ಮತ್ತೆ ಹಾಕಿದಳು. ವೈರು ಬದಲಿಸಿದಳು. ವೈರಸ್ ಕಾವಲಿನ ತಂತ್ರಾಂಶ ನಿಲ್ಲಿಸಿದಳು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಹಸಿರು ಪಟ್ಟಿ ಎರಡು ಬೆರಳು ಓಡುವುದು, ನಿಲ್ಲುವುದು. ಬಡಪೆಟ್ಟಿಗೆ ಬಗ್ಗುವ ಹೆಂಗಸಲ್ಲ ಅವಳು. ಆದರೂ ಅರ್ಧ ಗಂಟೆಯ ಮೇಲೆ ಹಣೆ ಉಜ್ಜಿಕೊಂಡಳು.

"ನೆಟ್ ಇದೆ, ಜಾಗ ಇದೆ, ಎಲ್ಲಾ ಇದೆ. ಆದ್ರೂ ಆ ಕಡೆಯವರು ಇದನ್ನ ನಂಬ್ತಾ ಇಲ್ಲ ಕಣೇ. ಯಾಕೆ ನಂಬಲ್ಲ? ಗಂಟೆ ಎಷ್ಟಾಯ್ತು ಈಗ?" ಅಭ್ಯಾಸಬಲದಿಂದ ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. "ಈ ತೇಪೆ ಬೇರೆ, ಗಡಿಯಾರದ ಮೇಲೇ ಕೂತಿದೆ!"

ಉಗುರಿನಿಂದ ತೇಪೆಯ ಅಂಚನ್ನು ಎಬ್ಬಿಸಿದಳು.

"ಅದನ್ನ ಕೀಳಬೇಡ!"

ಇಬ್ಬರೂ ಬೆಚ್ಚಿ ತಿರುಗಿದರು. ಬಾಗಿಲಲ್ಲಿ ಮಾವ. ಈ ಮನೆಗೆ ಬಂದ ಹದಿನಾರು ವರ್ಷದಲ್ಲಿ ಅವರು ದನಿಯೆತ್ತಿದ್ದನ್ನು ಸೊಸೆ ಕೇಳಿದ್ದು ಇದೇ ಮೊದಲು. ಆದರೆ ಕೂಗು ಬರುವ ಮುಂಚೆಯೇ ತೇಪೆ ಕಳಚಿ ಜೆರಾಕ್ಸಕ್ಕನ ಉಗುರಿಗೆ ಅಂಟಿಕೊಂಡಿತ್ತು.

ಅದರ ಅಡಿಯಲ್ಲಿ ಗಾಜು ಸೀಳಿರಲಿಲ್ಲ. ಸಣ್ಣ ಬಿಳಿ ಅಕ್ಷರದಲ್ಲಿ ತಾರೀಕು ಇತ್ತು. ಮಾರ್ಚ್ ಹನ್ನೆರಡು. ಏಳು ವರ್ಷದ ಹಿಂದಿನ ಮಾರ್ಚ್ ಹನ್ನೆರಡು.

"ಅಯ್ಯೋ, ಇಷ್ಟೇನಾ!" ಜೆರಾಕ್ಸಕ್ಕ ಕೈತಟ್ಟಿದಳು. "ಯಂತ್ರಕ್ಕೆ ತಾರೀಕೇ ಗೊತ್ತಿಲ್ಲ. ಏಳು ವರ್ಷ ಹಿಂದಿನ ತಾರೀಕು ಹೇಳ್ಕೊಂಡು ಹೋಗಿ ಬಾಗಿಲು ತಟ್ಟಿದ್ರೆ ಯಾರು ತೆಗೀತಾರೆ? ಎರಡು ನಿಮಿಷದ ಕೆಲಸ..."

"ಮುಟ್ಟಬೇಡಮ್ಮ," ಎಂದರು ಮಾವ. ಈ ಸಲ ದನಿ ಕೆಳಗಿತ್ತು. "ಕೈ ಮುಗೀತೀನಿ. ಮುಟ್ಟಬೇಡ."

ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಮಾತನ್ನು ಒಂದೊಂದೇ ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿದರು.

ಪ್ಯಾಟರ್ನಿನ ಗೆರೆಗಳನ್ನು ಎಳೆಯುವ ತಂತ್ರಾಂಶವೊಂದನ್ನು ಎಂಟು ವರ್ಷದ ಹಿಂದೆ ಕೊಂಡಿದ್ದರು. ಅಳತೆ ಕೊಟ್ಟರೆ ಸಾಕು, ಕಂಕುಳಿನ ತಿರುವು, ಕತ್ತಿನ ಸುತ್ತು, ಓರೆ ಭುಜ ಎಲ್ಲವನ್ನೂ ಅದೇ ಬರೆದು ಹಾಳೆಹಾಳೆಯಾಗಿ ಅಚ್ಚು ಹಾಕಿ ಕೊಡುತ್ತಿತ್ತು. ಒಂದು ವರ್ಷಕ್ಕೆ ಅನುಮತಿ, ವರ್ಷ ವರ್ಷ ನವೀಕರಿಸಬೇಕು. ವರ್ಷ ತುಂಬುವ ಹೊತ್ತಿಗೆ ಮಾರಿದ ಕಂಪನಿಯೇ ಮುಚ್ಚಿಹೋಗಿತ್ತು. ಮೂರು ಕಾಗದ ಬರೆದರು, ಮೂರೂ ವಾಪಸ್ಸು ಬಂದವು. ಮಾರ್ಚ್ ಹದಿನೈದಕ್ಕೆ ಅದು ನಿಂತುಹೋಗಬೇಕಿತ್ತು. ಹನ್ನೆರಡನೇ ತಾರೀಕು ಅವರು ಕಂಪ್ಯೂಟರಿನ ಗಡಿಯಾರವನ್ನು ನಿಲ್ಲಿಸಿದರು. ಅಂದರೆ ಪ್ರತಿದಿನ ಬೆಳಗ್ಗೆ ಎದ್ದು ತಾರೀಕನ್ನು ಮತ್ತೆ ಹನ್ನೆರಡಕ್ಕೆ ತಂದಿಡುವುದು. ಅದಕ್ಕೇ ಇಂಟರ್‌ನೆಟ್ ಇಲ್ಲ, ಅದಕ್ಕೇ ತೇಪೆ.

ಸೊಸೆಗೆ ನೆನಪಾಯಿತು. ಒಮ್ಮೆ ಮಾವನಿಗೆ ಸುಡುಜ್ವರ. ಕಂಬಳಿ ಹೊದ್ದುಕೊಂಡೇ ಗೋಡೆ ಹಿಡಿದು ಬಂದು ಕಂಪ್ಯೂಟರ್ ಹಚ್ಚಿ ಹೋಗಿದ್ದರು, ಮೂರು ದಿನವೂ. ಕೆಲಸದ ಹುಚ್ಚು ಎಂದು ಅವಳು ಬೈದಿದ್ದಳು.

"ಒಂದೇ ಒಂದು ಸಲ ಮುಂದಿನ ತಾರೀಕು ಕಂಡ್ರೆ ಸಾಕಂತೆ. ಆಮೇಲೆ ಹಿಂದಕ್ಕೆ ತಿರುಗಿಸಿದ್ರೂ ಅದು ಕಣ್ಣು ಬಿಡಲ್ಲ. ಮಾರಿದವನೇ ಹೇಳಿದ್ದ," ಎಂದರು ಮಾವ.

ಜೆರಾಕ್ಸಕ್ಕನ ಬಾಯಿ ಸುಮ್ಮನಿರುವ ಜಾತಿಯದಲ್ಲ. "ಬೆರಳುದ್ದದ ಚೂರು ವಾಪಸ್ಸು ಕೊಡೋ ಮಾಸ್ಟ್ರು ಏಳು ವರ್ಷಾನೇ ಕತ್ತರಿಸಿ ಒಳಗಿಟ್ಕೊಂಡ್ರಲ್ಲ!" ಎಂದು ನಕ್ಕುಬಿಟ್ಟಳು.

ಮಾವನ ಮುಖ ಇಸ್ತ್ರಿ ತಗುಲಿದ ರೇಷ್ಮೆಯ ಹಾಗೆ ಮುದುಡಿತು. ಜೆರಾಕ್ಸಕ್ಕ ನಾಲಿಗೆ ಕಚ್ಚಿಕೊಂಡಳು. "ನನ್ನ ಬಾಯಿಗೆ ಬೆಂಕಿ ಬೀಳ. ತಮಾಷೆಗೆ ಅಂದೆ ಮಾಸ್ಟ್ರೇ."

"ತಮಾಷೆ ಅಲ್ಲ. ನೀನು ನಿಜಾನೇ ಅಂದೆ," ಎಂದು ಅವರು ಮುಂಗೋಣೆಗೆ ಹೋದರು.

ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಬಂತು. ಸೊಸೆ ಇಣುಕಿ ನೋಡಿದಳು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಮಾವ ಬರಿಯ ಯಂತ್ರವನ್ನು ತುಳಿಯುತ್ತಿದ್ದರು.

"ಬೇರೆ ಕಂಪ್ಯೂಟರ್ ಎಲ್ಲಿಂದಾದ್ರೂ ತರೋಣ್ವಾ?" ಜೆರಾಕ್ಸಕ್ಕ ಪಿಸುಗುಟ್ಟಿದಳು.

"ನಂಬರು ಕೊಟ್ಟಾಗಿದೆಯಲ್ಲಕ್ಕ."

"ಆ ತಂತ್ರಾಂಶನೇ ನನ್ನ ಅಂಗಡಿ ಕಂಪ್ಯೂಟರಿಗೆ ಎತ್ತಿ ಹಾಕಿದ್ರೆ?" ಅದನ್ನೂ ನೋಡಿದಳು. ಹೊಸದಾಗಿ ಕೂರಿಸಲು ಕಂಪನಿಯಿಂದ ಒಪ್ಪಿಗೆ ಬರಬೇಕಿತ್ತು. ಕಂಪನಿ ಎಲ್ಲಿದೆ?

ಅತ್ತ ದರಿ, ಇತ್ತ ಪುಲಿ. ಒಂದು ಕಡೆ ತನ್ನ ಎರಡು ವರ್ಷ, ಇನ್ನೊಂದು ಕಡೆ ಅವರ ಏಳು ವರ್ಷ. ತಾರೀಕನ್ನು ಮುಂದೆ ತಂದರೆ ಮಾವನ ಗೆರೆ ಹೋಗುತ್ತದೆ, ತರದಿದ್ದರೆ ತನ್ನ ಕೌಂಟರು. ಅವಳು ಫೋನಿನ ವೈರನ್ನು ಕಿತ್ತು, ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿ ಮೇಜಿನ ಮೇಲಿಟ್ಟಳು. ಕ್ಯಾಮೆರಾವನ್ನೂ ಬಿಚ್ಚಿದಳು.

"ಏನೇ ಮಾಡ್ತಿದೀಯ?"

"ಬಾಟಲಿಗೆ ಚೀಟಿ ಅಂಟಿಸೋದೇನು ಕೀಳು ಕೆಲಸವಾ ಅಕ್ಕ? ಹೊಟ್ಟೆಗೇನು ಕಮ್ಮಿಯಾಗಿದೆ?" ಎಂದಳು. ಜೆರಾಕ್ಸಕ್ಕ ಅವಳ ಬೆನ್ನು ಸವರಿ, "ಹನ್ನೆರಡೂಕಾಲು. ಒಂದೂವರೆ ತನಕ ಏನೂ ಬಿಚ್ಚಬೇಡ, ಏನೂ ಕಟ್ಟಬೇಡ. ಅಂಗಡಿ ತೆಗೆದು ಬರ್ತೀನಿ" ಎಂದು ಹೋದಳು.

ಅವಳಿಗೆ ಮಾವನ ಮೇಲೆ ಸಿಟ್ಟು ಬಂದಿತ್ತು. ಬಂದಿರಲಿಲ್ಲ ಎಂದರೆ ಸುಳ್ಳು. ಬೆಳಗ್ಗೆ ಒಂಬತ್ತಕ್ಕೇ ಹೇಳಿದ್ದರೆ? ಹದಿನೇಳು ಸಲ ತಾನು ತಲೆ ಚಚ್ಚಿಕೊಳ್ಳುವುದನ್ನು ನೋಡಿಯೂ ಹೇಳಲಿಲ್ಲವಲ್ಲ! ಆ ಸಿಟ್ಟಿನಲ್ಲೇ ಟೀ ಕಾಸಿದಳು. ಸಿಟ್ಟಿದ್ದರೂ ಕೈ ತನ್ನ ಪಾಡಿಗೆ ತಾನು ಎಂದಿನ ಹಾಗೆ ಅರ್ಧ ಲೋಟ ಬಗ್ಗಿಸಿತು. ಉಳಿದರ್ಧ ಪಾತ್ರೆಯಲ್ಲಿ ಮುಚ್ಚಿಟ್ಟಿತು.

ಮಾವನ ಮುಂದೆ ಲೋಟ ಇಟ್ಟಳು. ಅವರು ಯಂತ್ರ ನಿಲ್ಲಿಸಿದರು. ಲೋಟವನ್ನು ಎತ್ತಿದರು. ಕೈ ನಡುಗಿತು. ಟೀ ಲೋಟದೊಳಗೇ ಅಲುಗಾಡಿ ಅಂಚಿನವರೆಗೂ ಬಂದು ವಾಪಸ್ಸು ಹೋಯಿತು, ಚೆಲ್ಲಲಿಲ್ಲ. ಅವರು ಆ ಲೋಟವನ್ನೇ ನೋಡಿದರು. ಮೊದಲ ಸಲ ನೋಡುತ್ತಿರುವವರ ಹಾಗೆ.

"ನೀನು ಯಾವಾಗಿಂದ ನನಗೆ ಅರ್ಧ ಲೋಟ ಕೊಡ್ತಿದೀಯಮ್ಮ?"

ಅವಳು ನೆಲದ ಮೇಲಿನ ದಾರದ ಚೂರು ಆರಿಸತೊಡಗಿದಳು.

"ಹೇಳು. ಎರಡು ಸಲ ಅರ್ಧರ್ಧ ತಂದುಕೊಡ್ತೀಯ. ಬಿಸಿ ಇರಲಿ ಅಂತ ಅಂದ್ಕೊಂಡಿದ್ದೆ."

"ನೀವು ಮೂಲೆಗೆ ತೇಪೆ ಹಾಕಿದ ವರ್ಷದಿಂದ ಮಾವ."

ಅವರು ಲೋಟ ಕೆಳಗಿಟ್ಟರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಹಕ್ಕಿಯನ್ನು ಹಿಡಿದ ಹಾಗೆ, ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ.

"ಕತ್ತರಿ ಹಿಡಿದಾಗ ನಡುಗಲ್ಲ," ಎಂದರು. "ಕತ್ತರಿಗೆ ತೂಕ ಇದೆ, ಕೈಯನ್ನ ಅದೇ ಹಿಡ್ಕೊಳ್ಳುತ್ತೆ. ಸೀಮೆಸುಣ್ಣ ಹಿಡಿದ್ರೆ ಆಗಲ್ಲ. ಗೆರೆ ಹುಳ ಹರಿದ ಹಾಗೆ ಆಗುತ್ತೆ. ಯಾರಿಗೂ ಗೊತ್ತಾಗಬಾರದು ಅಂತ ಆ ಡಬ್ಬಿ ತಂದೆ. ಗಡಿಯಾರ ಕದ್ದದ್ದೂ ಅದಕ್ಕೇ. ಗೊತ್ತಾದ್ರೆ ನಡುಗೋ ದರ್ಜಿ ಹತ್ರ ಯಾರು ಬರ್ತಾರೆ? ಮನೇಲೇ ಎಲ್ಲಾ ಗೊತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ."

"ನನಗೊಬ್ಬಳಿಗೇ ಮಾವ. ಅವರಿಗೂ ಹೇಳಿಲ್ಲ." ಅವರೆಂದರೆ ಅವಳ ಗಂಡ. ನಸುಕಿಗೇ ಬಸ್ಸು ಓಡಿಸಲು ಹೋದವನು ಬರುವುದು ಸಂಜೆ ಏಳಕ್ಕೆ.

ಮಾವ ಎದ್ದರು. ನಡುಕೋಣೆಗೆ ಬಂದು ಮೇಜಿನ ಮೇಲಿದ್ದ ವೈರಿನ ಉಂಡೆಯನ್ನು ನೋಡಿದರು. ಅಡುಗೆಮನೆಯ ಬಾಗಿಲಾಚೆ ಗೋಡೆಯ ಮೇಲಿದ್ದ ಕಾಗದದ ತೋಳು, ಕಾಲರು, ಬೆನ್ನು ನೋಡಿದರು. ಹತ್ತಿರ ಹೋಗಿ ಒಂದು ತೋಳಿನ ಮೇಲಿನ ಬರಹವನ್ನು ಬೆರಳಿಟ್ಟು ಓದಿದರು.

"ಇದು ಗಾಲಿಕುರ್ಚಿಯ ಮೇಡಮ್ಮಿನ ತೋಳು," ಎಂದರು.

"ಹೂಂ. ಅದರಲ್ಲಿ ಸಕ್ಕರೆ ಕಾಯಿಲೆಯವು ಬರೆದಿದೀನಿ."

"ಫೋನಿನ ವೈರು ಹಾಕು."

"ಬೇಡ ಮಾವ."

"ಹಾಕಮ್ಮ. ನನ್ನ ಮೊಂಡುತನಕ್ಕೆ ನಿನ್ನ ವಯಸ್ಸು ಕಾಯುತ್ತಾ?"

ಒಂದೂವರೆಗೆ ಬಂದ ಜೆರಾಕ್ಸಕ್ಕ ಒಂದು ಉಪಾಯ ಹೇಳಿದಳು. ಗೆರೆಗಳನ್ನು ಹೊರತೆಗೆಯಲು ಹೊತ್ತಿಲ್ಲ, ಅಳತೆಗಳನ್ನಾದರೂ ಉಳಿಸಿಕೊಳ್ಳಬಹುದು. ಮಾವ ಒಬ್ಬೊಬ್ಬರ ಪುಟ ತೆರೆಯುತ್ತ ಹೋದರು, ಸೊಸೆ ತನ್ನ ಫೋನಿನಲ್ಲಿ ಪರದೆಯ ಚಿತ್ರ ತೆಗೆಯುತ್ತ ಹೋದಳು. ನೂರ ಹದಿನೆಂಟು ಜನ. ಅಂಚೆಯವರು, ಹಾಲಿನ ಅಜ್ಜಿ, ಒಂಟಿ ತೋಳಿನ ಬಡಗಿ, ಗಾಲಿಕುರ್ಚಿಯ ಮೇಡಮ್ಮು. ಕೊನೆಯಲ್ಲಿ ಶಾಲೆಯ ಕಾವಲುಗಾರ. ಎಡಭುಜ ಎರಡು ಇಂಚು ಇಳಿದವನು. ಹೊಸ ಸಮವಸ್ತ್ರದ ಬಟ್ಟೆ ಹಿಡಿದು ಅವನು ಈ ಸಂಜೆ ಐದಕ್ಕೆ ಬರುವವನಿದ್ದ. ಅವನ ಪ್ಯಾಟರ್ನನ್ನು ಅಚ್ಚು ಹಾಕಬೇಕೆಂದು ಮಾವ ಬೆಳಗ್ಗೆಯೇ ತೆಗೆದಿಟ್ಟಿದ್ದರು.

"ಇವನದ್ದೊಂದು ಅಚ್ಚು ಹಾಕಿಬಿಡೋಣ ಮಾವ, ಹದಿನಾಲ್ಕು ಹಾಳೆ ತಾನೇ?"

"ಗಂಟೆ ಎರಡೂಕಾಲು. ಆ ಮುದಿ ಪ್ರಿಂಟರು ಹದಿನಾಲ್ಕು ಹಾಳೆಗೆ ಅರ್ಧ ಗಂಟೆ ಕೆಮ್ಮುತ್ತೆ. ಬಿಡು."

ಮೌಸನ್ನು ಅವರೇ ಹಿಡಿದರು. ಕೈ ನಡುಗುತ್ತಿದ್ದುದರಿಂದ ಬಾಣದ ಗುರುತು ತಾರೀಕಿನ ಸುತ್ತ ನೊಣದ ಹಾಗೆ ಸುತ್ತಾಡಿತು. ಸೊಸೆ ಸಹಾಯಕ್ಕೆ ಕೈ ಚಾಚಲಿಲ್ಲ. ಏಳು ವರ್ಷ ಪ್ರತಿ ಬೆಳಗ್ಗೆ ಹಿಂದಕ್ಕೆ ತಿರುಗಿಸಿದ ಕೈ ಅದು. ಮುಂದಕ್ಕೆ ತಿರುಗಿಸಬೇಕಾದ್ದೂ ಅದೇ ಅನ್ನಿಸಿತು. ಮೂರನೇ ಸಲಕ್ಕೆ ಸಿಕ್ಕಿತು. ತಾರೀಕು ಈ ದಿನಕ್ಕೆ ಬಂತು.

ಜೆರಾಕ್ಸಕ್ಕ ಕೊಂಡಿ ಒತ್ತಿದಳು. ಹಸಿರು ಪಟ್ಟಿ ಎರಡು ಬೆರಳು ಓಡಿತು. ಮೂವರೂ ಉಸಿರು ಹಿಡಿದರು. ಮೂರು ಬೆರಳು, ಅಂಗೈ, ಮೊಳ. ನಾಲ್ಕು ನಿಮಿಷದಲ್ಲಿ ಬ್ರೌಸರ್ ತೆರೆದು, ಒಳಬರುವವರ ಹೆಸರು ಕೇಳಿತು.

"ಅಬ್ಬಾ!" ಎಂದಳು ಜೆರಾಕ್ಸಕ್ಕ.

ಮೂರರವರೆಗೆ ಅದನ್ನು ಮುಚ್ಚಿಟ್ಟು ಮಾವ ತಮ್ಮ ತಂತ್ರಾಂಶವನ್ನೊಮ್ಮೆ ಒತ್ತಿ ನೋಡಿದರು. ಬೂದು ಬಣ್ಣದ ಸಣ್ಣ ಚೌಕವೊಂದು ಎದ್ದಿತು: ಅವಧಿ ಮುಗಿದಿದೆ. ಅದರ ಕೆಳಗೆ 'ಸರಿ' ಎಂಬ ಒಂದೇ ಗುಂಡಿ. 'ಇಲ್ಲ' ಎನ್ನಲು ಗುಂಡಿ ಇರಲಿಲ್ಲ. ಅವರು ಸರಿ ಒತ್ತಿದರು.

"ಪಾಪ, ಏಳು ವರ್ಷ ನಿದ್ದೆಗೆಟ್ಟು ದುಡೀತು," ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಮೂರರಿಂದ ನಾಲ್ಕೂವರೆ. ಕೋಣೆಯಲ್ಲಿ ಅವಳೊಬ್ಬಳೇ. ಮುಂಗೋಣೆಯಿಂದ ಯಂತ್ರದ ಸದ್ದಿಲ್ಲ, ಕತ್ತರಿಯ ಸದ್ದಿಲ್ಲ, ಕೆಮ್ಮೂ ಇಲ್ಲ. ತನಗೆ ಅಡ್ಡಿಯಾಗಬಾರದೆಂದು ಅವರು ಕೈಕಟ್ಟಿ ಕೂತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಕೆಲವು ಉತ್ತರಗಳು ಕೇಳುವ ಮುಂಚೆಯೇ ಬಂದವು. ಯಾವ ತೋಳಿನ ಮೇಲೆ, ಯಾವ ಮಡಿಕೆಯ ಹತ್ತಿರ ಬರೆದಿದ್ದಳು ಎಂಬುದೂ ಕಣ್ಣಿಗೆ ಕಟ್ಟಿತು. ಮತ್ತೆ ಕೆಲವಕ್ಕೆ ಬೂದು ಚೌಕವೇ ಕಣ್ಣ ಮುಂದೆ ಬಂತು. ಹೊತ್ತು ಮುಗಿದಾಗ ಎಂಟು ಪ್ರಶ್ನೆ ಉಳಿದಿದ್ದವು. ಎಂಟು ಬಿಟ್ಟವರು ಪಾಸಾಗುತ್ತಾರೋ ಇಲ್ಲವೋ, ಫಲಿತಾಂಶಕ್ಕೆ ಹದಿನೈದು ದಿನ.

ಬಾಗಿಲು ತೆರೆದರೆ ಮಾವ ಅಲ್ಲೇ ಸ್ಟೂಲಿನ ಮೇಲಿದ್ದರು. ಶಾಲೆಯಿಂದ ಬಂದ ಮೊಮ್ಮಗಳು ಅವರ ತೊಡೆಗೆ ಒರಗಿ ಸದ್ದಿಲ್ಲದೆ ಬಿಸ್ಕತ್ತು ತಿನ್ನುತ್ತಿದ್ದಳು.

"ಹೇಗಾಯ್ತಮ್ಮ?"

"ಗೊತ್ತಿಲ್ಲ ಮಾವ. ಎಂಟು ಬಿಟ್ಟೆ."

"ಹೂಂ," ಎಂದರು. ಸಮಾಧಾನದ ಮಾತು ಹೇಳಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತು ಅನ್ನಿಸಿತು ಅವಳಿಗೆ.

ಐದಕ್ಕೆ ಸರಿಯಾಗಿ ಕಾವಲುಗಾರ ಬಂದ. ಖಾಕಿ ಬಟ್ಟೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಅಳತೆ ನಿಮ್ಮ ಡಬ್ಬೀಲಿದೆಯಲ್ಲ ಮಾಸ್ಟ್ರೇ, ಸೋಮವಾರ ಬರ್ಲಾ?" ಎಂದು ಹೊರಡಲು ತಿರುಗಿದ.

"ನಿಲ್ಲಪ್ಪ. ಡಬ್ಬಿ ಹೋಯ್ತು. ಗೆರೆ ಹೊಸದಾಗಿ ಹಾಕಬೇಕು, ಒಂದು ಸಲ ಅಳೆದೇ ಬಿಡೋಣ."

ಮಾವ ಕೊರಳಿನ ಟೇಪು ತೆಗೆದರು. ಸೊಸೆ ಒಂದು ಕೈಯಲ್ಲಿ ಫೋನಿನ ಚಿತ್ರ, ಇನ್ನೊಂದರಲ್ಲಿ ಪೆನ್ಸಿಲು ಹಿಡಿದು ನಿಂತಳು. ಎದೆ. ಬೆನ್ನು. ಎಡಭುಜಕ್ಕೆ ಬಂದಾಗ ಮಾವನ ಕೈ ನಿಂತಿತು. ಟೇಪನ್ನು ತೆಗೆದು ಮತ್ತೆ ಇಟ್ಟರು.

"ಮೂರೂಕಾಲು," ಎಂದರು.

"ಇದರಲ್ಲಿ ಎರಡು ಅಂತಿದೆ ಮಾವ."

"ಕತ್ತು?"

"ಹದಿನಾಲ್ಕೂವರೆ."

"ಈಗ ಹದಿನಾರು." ಮಾವ ಕಾವಲುಗಾರನ ಮುಖ ನೋಡಿದರು. "ಹೋದ ವರ್ಷ ಹೊಲಿದ ಅಂಗಿ ಹೇಗಿದೆ? ನಿಜ ಹೇಳು."

ಕಾವಲುಗಾರ ಚಪ್ಪಲಿ ನೋಡಿಕೊಂಡ. "ಚೆನ್ನಾಗೇ ಇದೆ ಮಾಸ್ಟ್ರೇ."

"ನಿಜ ಹೇಳು ಅಂದೆ."

"ಎರಡು ಮೂರು ವರ್ಷದಿಂದ ಕತ್ತಿನ ಹತ್ರ ಸ್ವಲ್ಪ ಎಳೀತಿತ್ತು. ಮೇಲಿನ ಗುಂಡಿ ಹಾಕ್ದೆ ಬಿಡ್ತಿದ್ದೆ. ಹೆಡ್‌ಮೇಡಮ್ಮು ಬಂದಾಗ ಮಾತ್ರ ಹಾಕಿ ಉಸಿರು ಹಿಡ್ಕೊಳ್ತಿದ್ದೆ."

"ಹೇಳೋಕೇನಾಗಿತ್ತು ನಿನಗೆ ದಾಡಿ?"

"ನೀವು ಅಷ್ಟು ಅಕ್ಕರೆಯಿಂದ ಹೊಲಿದುಕೊಟ್ಟಿರ್ತೀರ. ನಿಮಗ್ಯಾಕೆ ಬೇಜಾರು ಮಾಡೋದು ಅಂತ..."

ಮಾವ ಟೇಪನ್ನು ಕೈಗೆ ಸುತ್ತಿಕೊಂಡರು. ಆಮೇಲೆ ಸೊಸೆಯ ಕೈಲಿದ್ದ ಫೋನನ್ನು ಇಸಿದುಕೊಂಡು, ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಅಂಚೆಯವರು. ಹಾಲಿನ ಅಜ್ಜಿ. ಒಂಟಿ ತೋಳಿನ ಬಡಗಿ. ಎಲ್ಲರ ಮೇಲೂ ಒಂದೇ ತಾರೀಕು, ಮಾರ್ಚ್ ಹನ್ನೆರಡು.

"ಇವರೆಲ್ಲ ಎಷ್ಟು ಜನ ಉಸಿರು ಹಿಡ್ಕೊಂಡಿದಾರೋ," ಎಂದರು. ಯಾರಿಗೆಂದು ಹೇಳಿದರೋ ತಿಳಿಯಲಿಲ್ಲ.

ಅವರು ಮೇಜಿನ ಮೇಲೆ ಕಂದು ಕಾಗದ ಹರಡಿದರು. ನಾಲ್ಕು ಮೂಲೆಗೆ ನಾಲ್ಕು ಭಾರ ಇಟ್ಟರು. ಸೀಮೆಸುಣ್ಣವನ್ನು ಎತ್ತಿಕೊಂಡು ಕಾಗದದ ಮೇಲೆ ತಂದರು. ಕೈ ನಡುಗಿತು, ಕಾವಲುಗಾರನ ಕಣ್ಣೆದುರಿಗೇ. ಮುಚ್ಚಿಡಲಿಲ್ಲ. ಸೀಮೆಸುಣ್ಣವನ್ನು ಸೊಸೆಯ ಕಡೆಗೆ ಚಾಚಿದರು.

"ನೀನು ಎಳಿ. ನಾನು ಹೇಳ್ತೀನಿ."

"ನನಗೆಲ್ಲಿ ಬರುತ್ತೆ ಮಾವ? ನಾಳೆ ಪಾಸಾಗಿಬಿಟ್ರೆ ಇಡೀ ದಿನ ಆಸ್ಪತ್ರೇಲಿರ್ತೀನಿ. ಆಗ?"

"ನಾಳೆ ಮಾತು ನಾಳೆ. ಇಲ್ಲಿಂದ ಹಿಡಿ. ಕೆಳಗೆ ಬಾ. ಆತುರ ಬೇಡ. ಈಗ ಒಳಗೆ ತಿರುಗಿಸು. ಅಯ್ಯೋ, ಅಷ್ಟಲ್ಲ. ಅವನ ಭುಜ ಅದು, ಹಿತ್ತಲ ಗೋಡೆಯಲ್ಲ."

ಗೆರೆ ಓರೆಯಾಯಿತು. ಒರೆಸಿದಳು, ಮತ್ತೆ ಎಳೆದಳು. ಅದೂ ಸರಿಬರಲಿಲ್ಲ. ಕಾವಲುಗಾರ ಇಳಿದ ಭುಜವನ್ನು ಆದಷ್ಟು ನೆಟ್ಟಗೆ ಮಾಡಿ ನಿಂತಿದ್ದ.

"ನೀನು ಯಾಕಪ್ಪ ಸೆಟೆದು ನಿಂತೆ? ಇರೋ ಹಾಗೇ ಇರು," ಎಂದರು ಮಾವ.

ಮೂರನೆಯ ಗೆರೆ ತಕ್ಕಮಟ್ಟಿಗೆ ಬಂತು. ಮಾವ ಬಗ್ಗಿ, ಬೆರಳಲ್ಲಿ ಅದರುದ್ದಕ್ಕೂ ಸವರಿ ನೋಡಿದರು. ಪ್ರತಿ ಪ್ಯಾಟರ್ನಿನ ಮೂಲೆಯಲ್ಲೂ ಗಿರಾಕಿಯ ಗುರುತು, ತಾರೀಕು ಬರೆಯುವುದು ಅವರ ಹಳೆಯ ಪದ್ಧತಿ. ಎಂಟು ವರ್ಷದಿಂದ ಅದನ್ನೂ ಕಂಪ್ಯೂಟರೇ ಅಚ್ಚು ಹಾಕುತ್ತಿತ್ತು.

ಅವರು ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಬಲಮೂಲೆಯಲ್ಲಿ ದೊಡ್ಡ ವಕ್ರ ಅಕ್ಷರಗಳಲ್ಲಿ 'ಕಾವಲು' ಎಂದು ಬರೆದರು. ಆಮೇಲೆ ತಲೆಯೆತ್ತಿದರು.

"ಇವತ್ತು ತಾರೀಕೆಷ್ಟಮ್ಮ?"